ಒಳಗೋಡೆಯ ತೂತು

ಹುಲ್ಲಿನ ಹಗ್ಗ ಹೊಸೆಯುವುದು ನುಲಿಯ ಚಂದಯ್ಯನವರಿಗೆ ಕಾಯಕವಾಗಿತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರಿಗೆ ಕಾಯಕವಾಗಿತ್ತು. ಶರಣರು ಕೆಲಸದ ಗಾತ್ರವನ್ನು ಅಳೆಯಲಿಲ್ಲ. ಮಾಡುವವನ ಮನಸ್ಸನ್ನು ನೋಡಿದರು. ಆ ದೃಷ್ಟಿಯಿಂದ ನೋಡಿದರೆ, ಮನೆಯ ಒಳಗೋಡೆಯಲ್ಲಿ ಬಿದ್ದ ಸಣ್ಣ ತೂತೊಂದನ್ನು ಮುಚ್ಚುವುದೂ ಕಡೆಗಣಿಸತಕ್ಕ ಕೆಲಸವಲ್ಲ.

ಹೊಳಲ್ಕೆರೆ ಸೀಮೆಯ ಹಳ್ಳಿಯೊಂದರಲ್ಲಿ ಹಳೆಯದೊಂದು ಮಣ್ಣಿನ ಮನೆ. ಅದರ ಯಜಮಾನರು ಲಿಂಗೈಕ್ಯರಾದ ಮೇಲೆ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಮಗನು ಅವರ ಭಾವಚಿತ್ರವನ್ನು ತೂಗುಹಾಕಲೆಂದು ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಗೆ ಮೊಳೆ ಹೊಡೆದನು. ಎರಡು ಪೆಟ್ಟಿಗೆ ಮಣ್ಣು ಉದುರಿ, ಮುಷ್ಟಿ ಹಿಡಿಸುವಷ್ಟು ತೂತಾಯಿತು. “ಎರಡು ದಿನ ಇರು ಮಗಾ, ಮಣ್ಣು ಕಲಸ್ತೀನಿ” ಎಂದರು ತಾಯಿ. ಮಗನಿಗೆ ಹಿಂದಿರುಗುವ ಅವಸರ. ಪೇಟೆಯಿಂದ ಸಿಮೆಂಟು ತಂದು, ಮರಳು ಬೆರೆಸಿ, ತೂತಿಗೆ ಒತ್ತಿ, ನಡುವೆ ಮರದ ಗೂಟವೊಂದನ್ನು ಹುಗಿದನು. ಮರುದಿನ ಬೆಳಿಗ್ಗೆ ಚಿತ್ರವನ್ನು ತೂಗುಹಾಕಿ ಬಸ್ಸು ಹತ್ತಿದನು. ಈ ಮನೆಯನ್ನು ಬೀಗ ಹಾಕಿ ತಾಯಿಯನ್ನೂ ಬೆಂಗಳೂರಿಗೆ ಕರೆದೊಯ್ಯಬೇಕೆಂಬುದು ಅವನ ಮನಸ್ಸಿನಲ್ಲಿತ್ತು.

ಮುಂದಿನ ಮಳೆಗಾಲದ ಒಂದು ರಾತ್ರಿ ಸಿಮೆಂಟಿನ ಆ ತೇಪೆಯು ಇಡಿಯಾಗಿ ಕಳಚಿ ಬಿದ್ದಿತು. ಚಿತ್ರದ ಗಾಜು ಒಡೆಯಿತು. ಸುತ್ತಲಿನ ಹಳೆಯ ಮಣ್ಣೂ ಕಿತ್ತು ಬಂದು, ಮುಷ್ಟಿಯಗಲದ ತೂತು ಊಟದ ತಟ್ಟೆಯಗಲವಾಯಿತು.

ಹೀಗಾಗಲು ಕಾರಣವಿಲ್ಲದಿಲ್ಲ. ಮಣ್ಣಿನ ಗೋಡೆಯು ತೇವವನ್ನು ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀರಿದ ತೇವವನ್ನು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಗಟ್ಟಿಯಾದ ಸಿಮೆಂಟು ಅದರೊಡನೆ ಹಿಗ್ಗದು, ಕುಗ್ಗದು. ಒಳಗಿನ ತೇವವನ್ನು ಸುಲಭವಾಗಿ ಹೊರಗೆ ಬಿಡದು. ತೇವವು ತೇಪೆಯ ಹಿಂದೆ ನಿಂತು ಮಣ್ಣನ್ನು ಮೆತ್ತಗಾಗಿಸುತ್ತದೆ. ಹೊರಗಿನಿಂದ ಎಲ್ಲವೂ ಭದ್ರವಾಗಿ ಕಾಣುತ್ತಿರುವಾಗಲೇ ಒಳಗೆ ಹಿಡಿತ ತಪ್ಪಿರುತ್ತದೆ.

ಮಣ್ಣು ದುರ್ಬಲವೆಂದು ಭಾವಿಸುವವರು ಒಮ್ಮೆ ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಏರಿ ನೋಡಬೇಕು. ಕೋಟೆಯು 1779ರಲ್ಲಿ ಹೈದರಾಲಿಯ ವಶವಾಯಿತು. ಕಲ್ಲಿನ ಸುತ್ತುಗಳ ಒಳಗೆ, ಸೂರು ಕಳೆದುಕೊಂಡ ಎತ್ತರದ ಮಣ್ಣಿನ ಗೋಡೆಗಳು ಇಂದಿಗೂ ನಿಂತಿವೆ. ಅದೇ ಕೋಟೆಯಲ್ಲಿ ಓಬವ್ವನ ಕಿಂಡಿಯೂ ಇದೆ. ಶತ್ರುಗಳು ಆ ಕಿಂಡಿಯಿಂದ ನುಸುಳುವುದನ್ನು ಮೊದಲು ಕಂಡವಳು, ಊಟಕ್ಕೆ ಕುಳಿತ ಗಂಡನಿಗಾಗಿ ನೀರು ತರಲು ಬಂದ ಓಬವ್ವ ಎಂದು ಜನ ಹೇಳುತ್ತಾರೆ. ನಿತ್ಯವೂ ಅಲ್ಲಿ ಓಡಾಡುವವರ ಕಣ್ಣಿಗೆ ಬೀಳುವುದು ದೂರದಲ್ಲಿರುವವರ ಕಣ್ಣಿಗೆ ಬೀಳದು.

ಈ ಮನೆಯಲ್ಲಿಯೂ ಹಾಗೆಯೇ ಆಯಿತು. ಸುದ್ದಿ ತಿಳಿದು ಬಂದ ಮಗನು ತೂತನ್ನೇ ನೋಡುತ್ತ ನಿಂತಿದ್ದಾಗ, ತಾಯಿ ಅಡುಗೆಮನೆಗೆ ಹೋಗಿ ಗೋಡೆಗೆ ತಾಗಿದ್ದ ನೀರಿನ ಗುಡಾಣವನ್ನು ತೋರಿಸಿದರು. ಅದರ ತೇವವು ಎಷ್ಟೋ ದಿನಗಳಿಂದ ಗೋಡೆಯೊಳಗೆ ಇಳಿಯುತ್ತಿತ್ತು. ಮೊಳೆಯ ಪೆಟ್ಟು ಒಂದು ನೆಪ ಮಾತ್ರ. “ಮೊದಲು ಇದನ್ನ ಆಚೆ ಸರಿಸು. ಆಮೇಲೆ ಗೋಡೆ” ಎಂದರು. ಕಳೆದ ಸಲವೇ ಏಕೆ ಹೇಳಲಿಲ್ಲವೆಂದು ಮಗನು ಕೇಳಲಿಲ್ಲ. ಕೇಳುವುದಕ್ಕೆ ತಾನು ನಿಂತಿರಲಿಲ್ಲವೆಂಬುದು ಅವನಿಗೆ ನೆನಪಿತ್ತು.

ಗುಡಾಣವನ್ನು ಸರಿಸಿ, ಗೋಡೆಯ ತೇವ ಆರುವವರೆಗೆ ಕಾದರು. ಬಿದ್ದ ಮಣ್ಣನ್ನೇ ಪುಡಿ ಮಾಡಿ, ಅದಕ್ಕೆ ಜೇಡಿಮಣ್ಣು, ಸ್ವಲ್ಪ ಮರಳು, ಸಣ್ಣಗೆ ಕತ್ತರಿಸಿದ ರಾಗಿಹುಲ್ಲು ಸೇರಿಸಿ ನೀರು ಹಾಕಿ ನೆನೆಯಬಿಟ್ಟರು. ಒಣಗುವಾಗ ಮಣ್ಣು ಬಿರಿಯದಂತೆ ಹುಲ್ಲು ಹಿಡಿದಿಡುತ್ತದೆ. ಮಗನು ಮಣ್ಣನ್ನು ತುಳಿದು ಹದಮಾಡಿದನು. ತಾಯಿ ತೂತಿನ ಅಂಚಿನಲ್ಲಿ ಸಡಿಲವಾಗಿದ್ದುದನ್ನೆಲ್ಲ ಕೆರೆದು ತೆಗೆದರು. “ಗೋಡೆಗೆ ನೀರು ಕುಡಿಸು” ಎಂದರು. ಒಣಗಿದ ಹಳೆಯ ಮಣ್ಣು ಹೊಸ ಮಣ್ಣಿನ ನೀರನ್ನು ಒಮ್ಮೆಲೇ ಹೀರಿಬಿಟ್ಟರೆ ಎರಡೂ ಬೆಸೆಯುವುದಿಲ್ಲ. ಆದ್ದರಿಂದ ಅಂಚನ್ನು ಚಿಮುಕಿಸಿ ನೆನೆಸಬೇಕು, ನೀರು ಸುರಿಯಬಾರದು. ಆಳವಾದ ತೂತನ್ನು ಒಂದೇ ಸಲಕ್ಕೆ ತುಂಬಲಿಲ್ಲ. ಒಂದು ಪದರ ಒತ್ತಿ, ಅದು ಬಿಗಿದ ಮೇಲೆ ಮೇಲ್ಮೈಯನ್ನು ಗೀರಿ, ಮತ್ತೆ ತೇವ ಮಾಡಿ ಇನ್ನೊಂದು ಪದರ ಒತ್ತಿದರು. ಕಡೆಗೆ ಜರಡಿ ಹಿಡಿದ ನುಣ್ಣನೆಯ ಮಣ್ಣಿಗೆ ಸಗಣಿ ಬೆರೆಸಿ ಅಂಗೈಯಿಂದ ಸವರಿದರು. ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿದರು.

ಇಷ್ಟಕ್ಕೆ ಒಂಬತ್ತು ದಿನ ಹಿಡಿಯಿತು. ಮಗನು ರಜೆ ಹಾಕಿ ಉಳಿದನು. ಪದರಗಳು ಒಣಗುವ ಬಿಡುವಿನಲ್ಲಿ ತಾಯಿ, ಆ ಗೋಡೆಯನ್ನು ಎಬ್ಬಿಸಿದ ವರ್ಷ ಅವನ ತಂದೆ ಹೇಗೆ ಮಣ್ಣು ತುಳಿದರೆಂಬುದನ್ನು ಹೇಳಿದರು. ಅವನು ಅದುವರೆಗೆ ಕೇಳದ ಮಾತುಗಳವು.

ನಮ್ಮ ಮನಸ್ಸಿನ ಕುಂದುಗಳನ್ನೂ ನಾವು ಬಹುಪಾಲು ಅವಸರದಿಂದಲೇ ಮುಚ್ಚುತ್ತೇವೆ. ತೇವವು ಎಲ್ಲಿಂದ ಬರುತ್ತಿದೆಯೆಂದು ನೋಡುವುದಿಲ್ಲ. ಸಡಿಲವಾದುದನ್ನು ಕೆರೆದು ತೆಗೆಯುವುದಿಲ್ಲ. ಮೇಲೆ ಗಟ್ಟಿಯಾದುದೇನನ್ನೋ ಮೆತ್ತಿ ಸಮಾಧಾನಪಡುತ್ತೇವೆ. ಅಂತರಂಗಶುದ್ಧಿ ಎಂಬ ಮಾತು ಆ ತಾಯಿಯ ಬಾಯಲ್ಲಿ ಬರಲಿಲ್ಲ. ಆದರೆ ಅವರ ಕೈಗೆ ಅದು ಗೊತ್ತಿತ್ತು.

ಚಿತ್ರವು ಮತ್ತೆ ಗೋಡೆಯ ಮೇಲಿದೆ. ಈ ಸಲ ಅದನ್ನು ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿದ್ದಾರೆ. ಬೀಗ ಹಾಕುವ ಮಾತು ಮತ್ತೆ ಬರಲಿಲ್ಲ. ಹೊರಡುವಾಗ ಮಗನು ಕೇಳಿದ್ದು ಒಂದೇ: “ಅವ್ವಾ, ಮುಂದಿನ ವರ್ಷ ಗೋಡೆ ಸಾರಿಸೋದು ಯಾವಾಗ?”