ನಾ ಒಳಗ ಹೊಂಟೀನಿ

ಮೂವತ್ತೈದು ದಾಟಿದ ಯಾವನೇ ಸಾಫ್ಟ್‌ವೇರ್ ಗಂಡಸನ್ನು ಕಾಫಿ ಮಷೀನಿನ ಪಕ್ಕ ನಿಲ್ಲಿಸಿ ‘ಐಜಿಐ ಆಡಿದ್ದೀರಾ?’ ಅಂತ ಕೇಳಿ ನೋಡಿ. ಮುಖದ ಮೇಲೆ ಬಲ್ಬ್ ಹತ್ತುತ್ತದೆ. ಮೊದಲ ಮಿಷನ್ನಿನ ಬೇಲಿ, ಕಾವಲು ಗೋಪುರ, ಸೈರನ್ನಿನ ಸದ್ದು, ಎಲ್ಲವನ್ನೂ ಕೈಯಾಡಿಸುತ್ತ ಹೇಳತೊಡಗುತ್ತಾನೆ. ‘ನಾನೂ ಆಡಿದೀನಿ, 14 ಮಿಷನ್ನೂ ಮುಗಿಸಿದೀನಿ’ ಅಂದರೆ ಮಾತ್ರ ಬಲ್ಬ್ ಸ್ವಲ್ಪ ಮಿಣುಕುತ್ತದೆ. ‘ಓ, ನೀವಾ? ಮನೇಲಿ ಅಣ್ಣ ಇದ್ರಾ?’

ಅಣ್ಣ ಇದ್ದ. ದೊಡ್ಡವ್ವನ ಮಗ, ಗಂಗಾವತಿಯಲ್ಲಿ. ಅವರ ರೈಸ್ ಮಿಲ್ಲಿನ ಆಫೀಸಿಗೆ ಲೆಕ್ಕ ಬರೆಯಲೆಂದು ಒಂದು ಕಂಪ್ಯೂಟರ್ ಬಂದಿತ್ತು. ಟ್ಯಾಲಿ ಹಾಕಿದವನೇ ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಒಂದು ಸಿಡಿಯನ್ನೂ ಬಿಟ್ಟುಹೋಗಿದ್ದ. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿ, ಐಡೋಸ್ ಕಂಪನಿ 2000ದ ಡಿಸೆಂಬರಿನಲ್ಲಿ ಹೊರತಂದ ಆಟ ಅದು ಅಂತ ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅದರ ಅಸಲಿ ಡಬ್ಬಿ ಕಂಡವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇದ್ದರೋ ಇಲ್ಲವೋ. ಪೂರ್ತಿ ಹೆಸರು ‘ಪ್ರಾಜೆಕ್ಟ್ ಐಜಿಐ: ಐಯಾಮ್ ಗೋಯಿಂಗ್ ಇನ್’. ನಮ್ಮ ಭಾಷೆಯಲ್ಲಿ, ‘ನಾ ಒಳಗ ಹೊಂಟೀನಿ’. ಅಣ್ಣ ಆಟ ಶುರು ಮಾಡುವಾಗೆಲ್ಲ ಹಾಗೇ ಕೂಗುತ್ತಿದ್ದ. ದೊಡ್ಡವ್ವ ಹಿತ್ತಲಿಂದ ‘ಹೋಗು, ಹಂಗ ಬಾಗ್ಲಾ ಹಾಕ್ಕೋ’ ಅನ್ನುತ್ತಿದ್ದಳು.

ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ದಾಟಿ ಬಸ್ಸಿನಲ್ಲಿ ಗಂಗಾವತಿಗೆ ರಜಕ್ಕೆ ಹೋದಾಗಲಷ್ಟೇ ನನಗೆ ಆ ಕುರ್ಚಿ. ಕುಷ್ಟಗಿಯಲ್ಲೂ ಸೈಬರ್ ಕೆಫೆ ಇತ್ತು, ಆದರೆ ಅದು ಹುಡುಗರ ಜಾಗ. ಅದರ ಮುಂದೆ ಚಪ್ಪಲಿ ಬಿಟ್ಟರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತಿತ್ತು.

ಆಡದವರಿಗಾಗಿ ಆಟದ ವಿಷಯ ಇಷ್ಟು: ಡೇವಿಡ್ ಜೋನ್ಸ್ ಅನ್ನುವ ಮಾಜಿ ಬ್ರಿಟಿಷ್ ಕಮಾಂಡೋ. ಕದ್ದ ಅಣುಬಾಂಬು ಹುಡುಕಬೇಕು. ಕಥೆಯನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತಗೊಂಡಿರಲಿಲ್ಲ. ತಗೊಂಡದ್ದು ದೂರವನ್ನು. ಇದೇ ಕಂಪನಿ ಮೊದಲು ವಿಮಾನ ಹಾರಿಸುವ ಆಟ ಮಾಡಿತ್ತು, ಅದಕ್ಕೆ ಕಟ್ಟಿದ ಎಂಜಿನ್ನನ್ನೇ ಇಲ್ಲೂ ಬಳಸಿತು. ಹಾಗಾಗಿ ಆ ಕಾಲದ ಬೇರೆ ಆಟಗಳಲ್ಲಿ ಕಾರಿಡಾರು, ಕೋಣೆ ಇದ್ದರೆ ಇಲ್ಲಿ ಬೆಟ್ಟ, ಬಯಲು, ಖಾಲಿ ಆಕಾಶ. ಒಂದು ದಿಬ್ಬದ ಮೇಲೆ ಬೈನಾಕ್ಯುಲರ್ ಹಿಡಿಯಬೇಕು. ಕೆಳಗೆ ಸೇನಾ ನೆಲೆ. ಗೋಪುರದಲ್ಲಿ ಒಬ್ಬ, ಗೇಟಿನಲ್ಲಿ ಇಬ್ಬರು, ಶೆಡ್ಡಿನ ಹಿಂದೆ ತಿರುಗುವವನು ಇನ್ನೊಬ್ಬ. ಕಂಬದ ಮೇಲೆ ಕ್ಯಾಮೆರಾ. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಅಲಾರಾಂ, ಅಲಾರಾಂ ಆದರೆ ಬ್ಯಾರಕ್ಕಿನಿಂದ ಸೈನಿಕರು ಗೂಡೊಡೆದ ಕಟ್ಟಿರುವೆಗಳ ಹಾಗೆ ಸುರಿಯುತ್ತಾರೆ. ಆದ್ದರಿಂದ ಮೊದಲ ಕೆಲಸ ಗುಂಡು ಹಾರಿಸುವುದಲ್ಲ, ಎಣಿಸುವುದು. ಅವನು ಎಷ್ಟು ಹೆಜ್ಜೆಗೆ ತಿರುಗುತ್ತಾನೆ? ಬೆನ್ನು ಎಷ್ಟು ಹೊತ್ತು ನಮ್ಮ ಕಡೆ?

ಮತ್ತೆ, ಮಿಷನ್ನಿನ ನಡುವೆ ಸೇವ್ ಇಲ್ಲ. ಅರ್ಧ ಗಂಟೆ ತೆವಳಿ ಕೊನೆಯ ಬಾಗಿಲಲ್ಲಿ ಸತ್ತರೆ ಮತ್ತೆ ಮೊದಲಿನ ದಿಬ್ಬಕ್ಕೆ. ಆಗಿನ ವಿಮರ್ಶಕರು ಇದನ್ನು ಎತ್ತಿ ಬೈದರು. ಅವರ ಊರಲ್ಲಿ ಲೋಡ್ ಶೆಡ್ಡಿಂಗ್ ಬೇರೆ ಇರಲಿಲ್ಲ! ಮಿಲ್ಲಿನ ಆಫೀಸಿನಲ್ಲಿ ಕರೆಂಟ್ ಹೋದರೆ ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗುತ್ತಿತ್ತು. ಅಲ್ಲಿಂದ ಹತ್ತು ನಿಮಿಷ. ಈ ಹತ್ತು ನಿಮಿಷದಲ್ಲಿ ನಿಧಾನವಾಗೇ ತೆವಳುವುದೋ, ಎದ್ದು ಓಡುವುದೋ? ‘ಓಡಲೇ, ಓಡು!’ ಅಂತ ಅಣ್ಣ. ನಾನು ಓಡುತ್ತಿರಲಿಲ್ಲ. ಸ್ಕ್ರೀನ್ ಕಪ್ಪಾಗುವ ತನಕ ಹುಲ್ಲಿನಲ್ಲೇ ಕೂತು ಕಾವಲುಗಾರನನ್ನು ನೋಡುತ್ತಿದ್ದೆ. ನಾಳೆಗೆ ಬೇಕಾಗುತ್ತದಲ್ಲ.

ಅಡಗಿ ಆಡುವ ಆಟಗಳ ಪೈಕಿ ಇದೇ ಮೊದಲನೆಯದಲ್ಲ, ಅತ್ಯುತ್ತಮವೂ ಅಲ್ಲ. 1987ರಲ್ಲಿ ಜಪಾನಿನ ಹಿದೆಯೊ ಕೊಜಿಮಾ ‘ಮೆಟಲ್ ಗೇರ್’ ಮಾಡುವಾಗ ಆ ಕಾಲದ ಯಂತ್ರಕ್ಕೆ ಒಂದೇ ಪರದೆಯ ಮೇಲೆ ಹೆಚ್ಚು ಶತ್ರುಗಳನ್ನು, ಗುಂಡುಗಳನ್ನು ತೋರಿಸುವ ತಾಕತ್ತಿರಲಿಲ್ಲ. ಯುದ್ಧ ತೋರಿಸಲಾಗದಿದ್ದರೆ ಯುದ್ಧದಿಂದ ತಪ್ಪಿಸಿಕೊಳ್ಳುವುದನ್ನೇ ಆಟ ಮಾಡೋಣ ಅಂತ ಹೊರಟದ್ದರಿಂದ ಒಂದು ಪ್ರಕಾರಕ್ಕೇ ದಾರಿ ಬಿತ್ತು. 1998ರಲ್ಲಿ ‘ಥೀಫ್’, ‘ಮೆಟಲ್ ಗೇರ್ ಸಾಲಿಡ್’, ‘ಕಮಾಂಡೋಸ್’ ಒಟ್ಟಿಗೆ ಬಂದವು. ಅವುಗಳ ಪಕ್ಕದಲ್ಲಿಟ್ಟರೆ ಐಜಿಐನ ಕಾವಲುಗಾರರು ಶುದ್ಧ ಪೆದ್ದರು. ಗೆಳೆಯನ ಹೆಣ ದಾಟಿ ಆರಾಮಾಗಿ ನಡೆದುಹೋಗುತ್ತಾರೆ. ಆದರೆ ‘ಥೀಫ್’ ಗಂಗಾವತಿಗೆ ಬರಲಿಲ್ಲ, ಐಜಿಐ ಬಂತು.

ಇಪ್ಪತ್ತು ವರ್ಷ ಆದಮೇಲೂ ಅದು ನನ್ನನ್ನು ಯಾಕೆ ಬಿಟ್ಟಿಲ್ಲ ಅನ್ನುವುದಕ್ಕೆ ಗಂಡಸರ ಉತ್ತರ ನನಗೆ ಸಾಲುವುದಿಲ್ಲ. ಅವರು ‘ನಾಸ್ಟಾಲ್ಜಿಯಾ’ ಅನ್ನುತ್ತಾರೆ, ಸ್ನೈಪರ್ ರೈಫಲ್ ಅನ್ನುತ್ತಾರೆ. ನನಗೆ ಕಾಣುವುದು ಬೈನಾಕ್ಯುಲರ್.

ಕುಷ್ಟಗಿಯಲ್ಲಿ ಬೆಳೆದ ಹುಡುಗಿಗೆ ಕಾವಲುಗಾರರ ರೂಟ್ ಯಾರೂ ಹೇಳಿಕೊಡಬೇಕಿಲ್ಲ. ಪಾನ್ ಅಂಗಡಿಯ ಬೆಂಚು ಬೆಳಿಗ್ಗೆ ಎಷ್ಟಕ್ಕೆ ತುಂಬುತ್ತದೆ, ಬಸ್ ಸ್ಟ್ಯಾಂಡಿನ ಯಾವ ಕಂಬದ ಹತ್ತಿರ ಅಪ್ಪನ ಪರಿಚಯದವರು ನಿಲ್ಲುತ್ತಾರೆ, ಯಾವ ಕಟ್ಟೆಯ ಮೇಲಿನ ಅಜ್ಜಿ ‘ಯಾರ ಮಗಳವಾ ನೀ? ಎಲ್ಲಿಗ್ ಹೊಂಟೀ?’ ಅಂತ ತಡೆಯುತ್ತಾಳೆ, ಎಲ್ಲ ಬಾಯಿಪಾಠ. ಕೆಟ್ಟವರಲ್ಲ ಅವರು. ಬಿದ್ದರೆ ಮೊದಲು ಎತ್ತುವವರೂ ಅವರೇ. ಆದರೆ ಇಡೀ ಊರು ಒಂದು ಕಣ್ಣು, ನಾನು ಯಾವಾಗಲೂ ಅದರ ಎದುರಿಗೆ. ಐಜಿಐನಲ್ಲಿ ಮೊದಲ ಸಲ ಬೈನಾಕ್ಯುಲರ್ ನನ್ನ ಕೈಯಲ್ಲಿತ್ತು. ನೋಡುವವಳು ನಾನು. ನನ್ನನ್ನು ಯಾರೂ ನೋಡುತ್ತಿಲ್ಲ. ಗುಡ್ಡದ ಮೇಲೆ ಗಾಳಿಯ ಸದ್ದು, ದೂರದಲ್ಲೆಲ್ಲೋ ಯಾರದೋ ಬೂಟು. ಆ ಹದಿನೈದು ನಿಮಿಷ ನಾನು ಯಾರ ಮಗಳೂ ಅಲ್ಲ.

ಈ ಹುಚ್ಚು ಆಟದ ಹೊರಗೂ ಹಬ್ಬಿತು. ಕೊಪ್ಪಳದಲ್ಲಿ ಡಿಗ್ರಿ ಓದುವಾಗ ಕೋಟೆ ಹತ್ತಿದರೆ ಗೆಳತಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾನು ಬುರುಜಿನ ಮೇಲೆ ನಿಂತವನಿಗೆ ಯಾವ ಮೂಲೆ ಕಾಣುವುದಿಲ್ಲ ಅಂತ ಲೆಕ್ಕ ಹಾಕುತ್ತಿದ್ದೆ. 1790ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಸೇರಿ ಟಿಪ್ಪುವಿನ ಕೈಲಿದ್ದ ಈ ಕೋಟೆಯ ಮುಂದೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿದ್ದರು. ಮುತ್ತಿಗೆ ಅಂದರೆ ಎಲ್ಲರೂ ಎಲ್ಲರಿಗೂ ಕಾಣುವ ಯುದ್ಧ. ಒಬ್ಬನೇ ನುಸುಳುವುದು ಬೇರೆ ವಿದ್ಯೆ.

ಆ ವಿದ್ಯೆಯ ಮೂಲಪುರುಷ ನಮ್ಮ ಗಂಗಾವತಿ ಕಡೆಯವನೇ! ಆನೆಗೊಂದಿಯ ಹತ್ತಿರ 575 ಮೆಟ್ಟಿಲು ಹತ್ತಿದರೆ ಅಂಜನಾದ್ರಿ, ಹನುಮಂತ ಹುಟ್ಟಿದ ಜಾಗ ಅನ್ನುತ್ತಾರೆ. ವಾಲ್ಮೀಕಿಯ ಸುಂದರಕಾಂಡ ತೆಗೆದು ನೋಡಿ. ಲಂಕೆಯ ಹೊರಗೆ ಬೆಟ್ಟದ ಮೇಲೆ ನಿಂತು ಕಾವಲು ಪರೀಕ್ಷಿಸುತ್ತಾನೆ, ಹಗಲು ಬೇಡ ಅಂತ ಸೂರ್ಯ ಮುಳುಗುವ ತನಕ ಕಾಯುತ್ತಾನೆ, ಬೆಕ್ಕಿನಷ್ಟು ಚಿಕ್ಕವನಾಗುತ್ತಾನೆ. ಮನೆ ಮನೆ ಹುಡುಕಿ ಕೊನೆಗೆ ಅಶೋಕವನದಲ್ಲಿ ಮರದ ಎಲೆಗಳ ನಡುವೆ ಕೂತು ಎಲ್ಲವನ್ನೂ ನೋಡುತ್ತಾನೆ. ದಿಬ್ಬ, ಬೈನಾಕ್ಯುಲರ್, ರಾತ್ರಿ ಮಿಷನ್, ಎಲ್ಲ ಇದೆ. ಸೀತೆ ಸಿಕ್ಕ ಮೇಲೆ ವನವನ್ನೆಲ್ಲ ಕಿತ್ತುಹಾಕಿ ಅಲಾರಾಂ ಹೊಡೆಸುತ್ತಾನೆ ನೋಡಿ, ಅದು ಥೇಟ್ ನಮ್ಮಣ್ಣ. ಕೆಲಸ ಮುಗೀತಲ್ಲ, ಇನ್ನು ಸುಟ್ಟುಹಾಕೋಣ!

ಡಿಗ್ರಿಯ ಕೊನೆಯ ವರ್ಷ ಮನೆಗೆ ಯಲಬುರ್ಗಾ ಕಡೆಯವರು ಬಂದರು. ನಮ್ಮ ಕಡೆ ಇದಕ್ಕೆ ‘ಕನ್ಯಾ ನೋಡೂದು’ ಅಂತಾರೆ. ಶಬ್ದದಲ್ಲಿ ಮುಚ್ಚುಮರೆ ಏನೂ ಇಲ್ಲ, ನೋಡುವುದೇ. ಆರು ಜನ ಸಾಲಾಗಿ ಕೂತಿದ್ದರು, ನಾನು ತಟ್ಟೆ ಹಿಡಿದು ಹೋದೆ. ‘ನಡದು ತೋರ್ಸವಾ ಒಂಚೂರು’ ಅಂದರು ಒಬ್ಬ ಹಿರಿಯರು. ನಡೆದೆ. ನಡೆಯುವಾಗ ಎಣಿಸುತ್ತಲೂ ಇದ್ದೆ. ಹುಡುಗನ ಅಣ್ಣ ನನ್ನ ಪಾದ ನೋಡುತ್ತಿದ್ದಾನೆ, ತಾಯಿ ಬಣ್ಣ ನೋಡುತ್ತಿದ್ದಾಳೆ, ಹುಡುಗ ಫ್ಯಾನ್ ನೋಡುತ್ತಿದ್ದಾನೆ. ಅಪ್ಪನ ಮುಖ ಮಾತ್ರ ಬಾಗಿಲ ಕಡೆ. ಅಪ್ಪನಿಗೂ ಇದು ಬೇಡವಾಗಿತ್ತು ಅಂತ ನನಗೆ ತಿಳಿದದ್ದು ಆ ಕ್ಷಣದಲ್ಲಿ. ಯಾರೂ ಬಾಯಿ ಬಿಟ್ಟು ಹೇಳದ ಊರಲ್ಲಿ ಇಂಥದ್ದನ್ನು ನೋಡಿಯೇ ತಿಳಿಯಬೇಕು.

ಮುಂದಿನ ವಾರವೇ ಗಂಗಾವತಿಗೆ ಹೋದೆ. ಅದೇ ಮಿಲ್ಲಿನ ಕಂಪ್ಯೂಟರಿನಲ್ಲಿ, ಅದೇ ಯುಪಿಎಸ್ಸಿನ ಮೇಲೆ, ಬೆಂಗಳೂರಿನ ಒಂದು ಕಂಪನಿಯ ಟೆಸ್ಟಿಂಗ್ ಕೆಲಸಕ್ಕೆ ಅರ್ಜಿ ತುಂಬಿದೆ. ಅಣ್ಣ ಬಾಗಿಲಲ್ಲಿ ಕಾವಲು ನಿಂತಿದ್ದ. ಆಫರ್ ಲೆಟರ್ ಕೈಗೆ ಬರುವ ತನಕ ಮನೆಯಲ್ಲಿ ಬಾಯಿ ಬಿಡಲಿಲ್ಲ. ಬಂದ ಮೇಲೆ ಮೊದಲು ತೋರಿಸಿದ್ದು ಅಪ್ಪನಿಗೆ.

ಬೆಂಗಳೂರಲ್ಲಿ ಪಾನ್ ಅಂಗಡಿಯವನು ನನ್ನನ್ನು ನೋಡುವುದಿಲ್ಲ, ನಿಜ. ಅದರ ಬದಲು ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ. ಐದು ನಿಮಿಷ ಮೌಸ್ ಅಲುಗದಿದ್ದರೆ ಅದು ಹಳದಿಯಾಗುತ್ತದೆ. ಮನೆಯಿಂದ ಕೆಲಸ ಶುರುವಾದ ಕಾಲದಲ್ಲಿ ಹಳೇ ಐಜಿಐ ಹುಡುಕಿ, ಸ್ವಲ್ಪ ಕಾಡಿಸಿ, ಹೊಸ ಲ್ಯಾಪ್‌ಟಾಪಿನಲ್ಲಿ ಓಡುವಂತೆ ಮಾಡಿದೆ. ಮರಗಳು ರಟ್ಟಿನಿಂದ ಮಾಡಿದ ಹಾಗೆ ಕಾಣುತ್ತವೆ, ಕಾವಲುಗಾರರು ಇನ್ನೂ ಪೆದ್ದರು. ದಿಬ್ಬದ ಮೇಲಿನ ಗಾಳಿಯ ಸದ್ದು ಮಾತ್ರ ಹಾಗೇ ಇದೆ. ಇದು ಬರೀ ನೆನಪಿನ ಮಾಯೆಯೇನೋ ಅಂತ ಅನುಮಾನ ಬಂದು, ಐಜಿಐ ಹೆಸರೇ ಕೇಳದ, ನನ್ನ ಟೀಮಿನ 23ರ ಹುಡುಗಿಯೊಬ್ಬಳನ್ನು ಕೂರಿಸಿದೆ. ಮೊದಮೊದಲು ನಕ್ಕಳು. ಆಮೇಲೆ ಮಾತು ನಿಂತಿತು. ಇಪ್ಪತ್ತು ನಿಮಿಷ ಒಂದೂ ಗುಂಡು ಹಾರಿಸಲಿಲ್ಲ. ಫೋನ್ ಎರಡು ಸಲ ಹೊಡೆದುಕೊಂಡಿತು, ತಿರುಗಿಯೂ ನೋಡಲಿಲ್ಲ. ‘ಸೇವ್ ಎಲ್ಲಿದೆ ಅಕ್ಕಾ?’ ಅಂತ ಕೊನೆಗೊಮ್ಮೆ ಕೇಳಿದಳು. ಇಲ್ಲ ಅಂದೆ. ಬೆನ್ನು ನೆಟ್ಟಗಾಯಿತು. 2003ರ ‘ಐಜಿಐ 2’ರಲ್ಲಿ ನಡುವೆ ಇಂತಿಷ್ಟು ಸಲ ಸೇವ್ ಮಾಡಲು ಬಿಟ್ಟರು. ಎಲ್ಲ ರೀತಿಯಲ್ಲೂ ಅದು ಇದಕ್ಕಿಂತ ಒಳ್ಳೆಯ ಆಟ ಅನ್ನುತ್ತಾರೆ. ಇರಬಹುದು. ನನಗೆ ಅದರಲ್ಲಿ ಒಮ್ಮೆಯೂ ಎದೆ ಡವಡವ ಅನ್ನಲಿಲ್ಲ.

ಅಣ್ಣ ಈಗ ಮಿಲ್ಲಿನ ಮಾಲೀಕ. ಅಕ್ಕಿ ಮೂಟೆ ಕಳುವಾಗುತ್ತವೆ ಅಂತ 16 ಕ್ಯಾಮೆರಾ ಹಾಕಿಸಿದ್ದಾನೆ. ಕಳೆದ ದಸರೆಗೆ ಹೋದಾಗ ಮೊಬೈಲಿನಲ್ಲಿ ಎಲ್ಲವನ್ನೂ ಹೆಮ್ಮೆಯಿಂದ ತೋರಿಸಿದ, ಗೇಟು, ಗೋದಾಮು, ತೂಕದ ಕಟ್ಟೆ, ಲಾರಿ ನಿಲ್ಲುವ ಜಾಗ. ನಾನು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, ‘ಎಷ್ಟ್ ಮೂಲಿ ಕಾಣಂಗಿಲ್ಲೋ?’ ಅಂದೆ.

‘ಮೂರ್ ಅದಾವ’ ಅಂದ, ಧ್ವನಿ ತಗ್ಗಿಸಿ. ‘ಹಮಾಲರಿಗೂ ಗೊತ್ತೈತಿ. ಬೀಡಿ ಸೇದಾಕ ಅಲ್ಲೇ ಹೊಕ್ಕಾರ. ಇರ್ಲಿ ಬಿಡು.’