ಪಾಂಡುವಿನ ಬ್ಯಾಂಡೇಜು

ಸಂಘದ ಪತ್ರಿಕೆಗೆ ನಾನು ಸಾಮಾನ್ಯವಾಗಿ ಬರೆಯುವುದು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರ. ಈ ಸಲ ಒಂದು ಹಾಸ್ಯ ಧಾರಾವಾಹಿಯ ಬಗ್ಗೆ ಬರೆಯುತ್ತಿದ್ದೇನೆ. ಓದುಗರು ಸಹಿಸಿಕೊಳ್ಳಬೇಕು.

ಇಪ್ಪತ್ತು ವರ್ಷಗಳ ಹಿಂದೆ ಕರ್ನಾಟಕದಲ್ಲಿದ್ದವರಿಗೆ ‘ಪಾಪ ಪಾಂಡು’ವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗಾಗಿ ಎರಡು ಮಾತು: ಅದು ಈಟಿವಿ ಕನ್ನಡದಲ್ಲಿ ಬರುತ್ತಿದ್ದ ಸಿಹಿಕಹಿ ಚಂದ್ರು ಅವರ ಧಾರಾವಾಹಿ. ಚಿದಾನಂದ್ ಅವರು ಪಾಂಡು, ಶಾಲಿನಿ ಅವರು ಅವನ ಹೆಂಡತಿ ಶ್ರೀಮತಿ. ಪಾಂಡು ಏನಾದರೊಂದು ಎಡವಟ್ಟು ಮಾಡುತ್ತಾನೆ, ಹೆಂಡತಿಯಿಂದ ಏಟು ತಿನ್ನುತ್ತಾನೆ, ಬ್ಯಾಂಡೇಜು ಸುತ್ತಿಸಿಕೊಂಡು ಪೆಚ್ಚು ಮೋರೆಯಲ್ಲಿ ನಿಲ್ಲುತ್ತಾನೆ. ನಮ್ಮ ಮೆಡಿಕಲ್ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಆ ಹೊತ್ತಿಗೆ ಕುರ್ಚಿ ಸಿಗುತ್ತಿರಲಿಲ್ಲ. ಊಟದ ತಟ್ಟೆ ಹಿಡಿದು ನಿಂತೇ ನಗುತ್ತಿದ್ದೆವು.

2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಪಾಂಡು ಮರಳಿ ಬಂದ. ಅದೇ ಚಿದಾನಂದ್, ಅದೇ ಶಾಲಿನಿ. ನಾನು ಅದನ್ನು ನೋಡಿದ್ದು ಮಾತ್ರ 2020ರ ಚಳಿಗಾಲದಲ್ಲಿ. ಜುಲೈ ತಿಂಗಳಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾಗಳ ನಡುವಿನ ಗಡಿ ಮುಚ್ಚಿತ್ತು. ನಾನು ಸಿಡ್ನಿಯಲ್ಲಿ, ಅಕ್ಕ ಮತ್ತು ಅವಳ ಮನೆಗೆ ಬಂದಿದ್ದ ಅಮ್ಮ ಮೆಲ್ಬರ್ನಿನ ದೀರ್ಘ ಲಾಕ್‌ಡೌನಿನಲ್ಲಿ. ರಾತ್ರಿ ಊಟವಾದ ಮೇಲೆ ಫೋನ್ ಸ್ಪೀಕರಿಗೆ ಹಾಕಿಕೊಂಡು, ಎರಡೂ ಮನೆಗಳಲ್ಲಿ ಒಂದೇ ಸಂಚಿಕೆಯನ್ನು ಒಟ್ಟಿಗೆ ಹಚ್ಚುತ್ತಿದ್ದೆವು.

ಕಲಾವಿದರ ಚುರುಕು ಕುಂದಿರಲಿಲ್ಲ. ಶಾಲಿನಿಯವರು ಹುಬ್ಬು ಏರಿಸಿದರೆ ಸಾಕು, ಅತ್ತ ಕಡೆಯಿಂದ ಅಮ್ಮನ ನಗು ಕೇಳಿಸುತ್ತಿತ್ತು. ಆದರೆ ಪಾಂಡುವಿಗೆ ಏಟು ಬಿದ್ದಾಗ ನನಗೆ ನಗು ಬರಲಿಲ್ಲ. “ಏನೋ, ಲೈನ್ ಕಟ್ಟಾಯ್ತಾ?” ಎಂದಳು ಅಕ್ಕ.

ಕಾರಣವನ್ನು ಅಂದು ಅವಳಿಗೆ ಹೇಳಿದೆ. ಇಂದು ನಿಮಗೆ ಹೇಳುತ್ತಿದ್ದೇನೆ. ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ಹಣೆ ಒಡೆದುಕೊಂಡ ನಡುವಯಸ್ಸಿನ ಗಂಡಸೊಬ್ಬರು ಕ್ಯಾಷುಯಾಲ್ಟಿಗೆ ಬಂದರು. ಬಚ್ಚಲಲ್ಲಿ ಜಾರಿದೆ ಎಂದರು. ಜೊತೆಯಲ್ಲಿದ್ದವರು ಯಾರೋ, “ಪಾಪ ಪಾಂಡು ಬಂದ್ರು!” ಎಂದರು. ಎಲ್ಲರೂ ನಕ್ಕರು. ಹೊಲಿಗೆ ಹಾಕುತ್ತಿದ್ದ ನಾನೂ ನಕ್ಕೆ. ಆತನೂ ನಗಲು ಪ್ರಯತ್ನಿಸಿದರು. ಮುಂಗೈ ಮೇಲೆ ಹಳೆಯ ಸುಟ್ಟ ಕಲೆಗಳಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಚೀಟಿಯಲ್ಲಿ ‘ಜಾರಿ ಬಿದ್ದದ್ದು’ ಎಂದು ಬರೆದು ಕಳುಹಿಸಿದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಿಜ ಏನೆಂದು ಹೇಳುವ ದಾರಿಯನ್ನು ನಮ್ಮ ನಗು ಮುಚ್ಚಿಬಿಟ್ಟಿತ್ತು.

ಹಾಗಾದರೆ ಎರಡನೆಯ ಪಾಂಡು ಮೊದಲನೆಯವನಿಗೆ ಸಮನೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ಮೊದಲ ಧಾರಾವಾಹಿಯ ಜೀವ ಇದ್ದದ್ದು ಏಟಿನಲ್ಲಲ್ಲ. ಮಧ್ಯಮ ವರ್ಗದ ಮನೆಯ ಆಡುಮಾತಿನಲ್ಲಿ, ಎಷ್ಟು ಜಗಳವಾದರೂ ಮರುದಿನ ಒಂದೇ ಸೂರಿನಡಿ ಇರುವ ಆ ಬಾಂಧವ್ಯದಲ್ಲಿ. ಮುಂದುವರಿದ ಭಾಗ ಕಾಳಿನೊಡನೆ ಜೊಳ್ಳನ್ನೂ ಹೊತ್ತು ತಂದಿತು. ನಮ್ಮ ಈ ದೇಶದಲ್ಲೇ ಒಂದು ಬೇರೆ ನಿದರ್ಶನವಿದೆ. 1984ರಿಂದ 1994ರವರೆಗೆ ಎಬಿಸಿಯಲ್ಲಿ ಬಂದ ‘ಮದರ್ ಅಂಡ್ ಸನ್’, ಮರೆವಿನ ತಾಯಿ ಮತ್ತು ಅವಳನ್ನು ನೋಡಿಕೊಳ್ಳುವ ಮಗನ ಕಥೆ. 2023ರಲ್ಲಿ ಮ್ಯಾಟ್ ಒಕೀನೆ ಅದನ್ನು ಹೊಸದಾಗಿ ರೂಪಿಸಿದಾಗ ತಾಯಿ-ಮಗನ ಸಂಬಂಧವನ್ನು ಉಳಿಸಿಕೊಂಡು, ಮನೆಯನ್ನು ಇಂದಿನ ಬಹುಸಂಸ್ಕೃತಿಯ ಆಸ್ಟ್ರೇಲಿಯಾಕ್ಕೆ ತಂದರು. ಹಳೆಯದನ್ನು ಗೌರವಿಸುವುದೆಂದರೆ ಹಾಗೆಯೇ ನಕಲು ಮಾಡುವುದಲ್ಲ.

ಪಾಂಡುವಿನ ಜಾಗದಲ್ಲಿ ಶ್ರೀಮತಿ ಬ್ಯಾಂಡೇಜು ಕಟ್ಟಿಕೊಂಡು ನಿಂತಿದ್ದರೆ ನಾವು ಯಾರೂ ನಗುತ್ತಿರಲಿಲ್ಲ. ಮನೆಯೊಳಗೆ ಪೆಟ್ಟು ತಿನ್ನುವವರಲ್ಲಿ ಹೆಚ್ಚಿನವರು ಹೆಂಗಸರೇ, ಗಂಡಸರೂ ಇದ್ದಾರೆ. ಇಬ್ಬರನ್ನೂ ಸುಮ್ಮನಿರಿಸುವುದು ‘ನಾಲ್ಕು ಜನ ಏನಂದಾರು’ ಎಂಬ ಅಂಜಿಕೆ. ಪರದೇಶದಲ್ಲಿ ಆ ನಾಲ್ಕು ಜನ ಎಂದರೆ ನಾವೇ, ಸಂಘದವರು.

ಈಗ ನನ್ನ ಕೊಠಡಿಗೆ ಗಾಯ ಹೊತ್ತು ಬಂದವರನ್ನು, ಜೊತೆಯವರನ್ನು ಹೊರಗೆ ಕೂರಿಸಿ, “ಮನೆಯಲ್ಲಿ ನಿಮಗೆ ಭಯವೇನಾದರೂ ಇದೆಯೇ?” ಎಂದು ತಪ್ಪದೆ ಕೇಳುತ್ತೇನೆ. ಅಂದು ಕೇಳದೆ ಬಿಟ್ಟ ಪ್ರಶ್ನೆ ಅದೇ. ನಿಮಗೋ ನಿಮ್ಮವರಿಗೋ ಬೇಕಾದರೆ 1800 737 732 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. ಇಂಗ್ಲಿಷ್ ಕಷ್ಟವಾದರೆ 131 450ರ ಮೂಲಕ ದುಭಾಷಿಯನ್ನು ಕೇಳಬಹುದು. ಪ್ರಾಣಕ್ಕೆ ಅಪಾಯವಿದ್ದರೆ 000.

ಅಮ್ಮ ಊರಿಗೆ ಮರಳಿದ್ದಾರೆ. ಹಳೆಯ ಪಾಂಡುವಿನ ತುಣುಕುಗಳನ್ನು ಈಗಲೂ ಕಳುಹಿಸುತ್ತಾರೆ. ನಾನು ನೋಡುತ್ತೇನೆ, ಮಾತಿನ ಚಕಮಕಿಗೆ ಇಂದಿಗೂ ಮನಸಾರೆ ನಗುತ್ತೇನೆ. ಬ್ಯಾಂಡೇಜು ಕಂಡಾಗ ಮಾತ್ರ ಆ ರಾತ್ರಿ ನಗಲು ಪ್ರಯತ್ನಿಸಿದ ಮುಖ ನೆನಪಾಗುತ್ತದೆ.