ಅನಿಲ ಕಲ್ಲಾದ ಗುಡ್ಡ

ಮಾದಪ್ಪನ ಬೆಟ್ಟ ಇಳಿದು ಪಾಲಾರ್ ದಾಟಿದರೆ ತಮಿಳುನಾಡು. ಕನ್ನಡದ ಮಾತು ಮಾತ್ರ ಗಡಿಯಲ್ಲಿ ನಿಲ್ಲದೆ ಕೊಳತ್ತೂರಿನವರೆಗೂ ಜೊತೆಗೆ ಬರುತ್ತದೆ. ಅಲ್ಲಿಂದ 1934ರ ಮೆಟ್ಟೂರು ಅಣೆಕಟ್ಟು, ಮುಂದೆ ಓಮಲೂರು. ಸೇಲಂ ಸಮೀಪಿಸುತ್ತಿದ್ದಂತೆ ಶೇರ್ವರಾಯನ್ ಬೆಟ್ಟಸಾಲಿನ ಬುಡದಲ್ಲಿ ನೆಲವೇ ಬೆಳ್ಳಗಾಗುತ್ತದೆ. ಬ್ರಿಟಿಷರು ಇದಕ್ಕೆ ಚಾಕ್ ಹಿಲ್ಸ್ ಎಂದು ಹೆಸರಿಟ್ಟರು. ಆದರೆ ಇಲ್ಲಿರುವುದು ಸೀಮೆಸುಣ್ಣವಲ್ಲ, ಮ್ಯಾಗ್ನೆಸೈಟ್.

ತೆರೆದ ಗಣಿಯ ಅಂಚಿನಿಂದ ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಗೋಡೆ ಕುಸಿಯದಿರಲೆಂದು, ಲಾರಿ ಇಳಿಯಲೆಂದು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಅಮೆರಿಕದ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯನ್ನು 1906ರಿಂದ ಹೀಗೆಯೇ ತೋಡುತ್ತಾ ಒಂದು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದಾರೆ. ಅಲ್ಲಿ ಬಂಡೆಯ ಬಿರುಕುಗಳಿಗೆ ತಾಮ್ರ ತುಂಬಿದ್ದು ಬಿಸಿನೀರು. ಇಲ್ಲಿಯೂ ಕಸುಬುದಾರ ನೀರೇ.

ಭೂಮಿಯ ಆಳದಿಂದ ಮೇಲೆದ್ದ ಡ್ಯೂನೈಟ್ ಇಲ್ಲಿನ ಮೂಲ ಬಂಡೆ; ಒಡೆದರೆ ಕಡುಹಸಿರು, ಬಿಸಿಲು ಮಳೆಗೆ ಕಂದು. ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಅದರ ಸೀಳುಗಳಿಗೆ ಇಳಿದು, ಬಂಡೆಯಲ್ಲಿದ್ದ ಮೆಗ್ನೀಸಿಯಂ ಜೊತೆ ಕೂಡಿ ಬಿಳಿಗಲ್ಲಾಯಿತು. ಕೂದಲೆಳೆಯಷ್ಟು ಸಣ್ಣ ಗೆರೆ ಒಂದು ಕಡೆ, ತೋಳಿನಷ್ಟು ದಪ್ಪದ್ದು ಇನ್ನೊಂದು ಕಡೆ; ಇಡೀ ಗೋಡೆ ಆ ಬಲೆಯೊಳಗೆ ಸಿಕ್ಕಿಕೊಂಡಿದೆ. ಒಂದು ಚೂರು ಕೈಗೆತ್ತಿಕೊಂಡೆ. ಮುರಿದ ಅಂಚು ಪಿಂಗಾಣಿ ಬಟ್ಟಲಿನ ಹಾಗೆ ನುಣುಪು. ಹಿಂಬದಿಯಲ್ಲಿ ಡ್ಯೂನೈಟಿನ ತೆಳು ಪದರ ಇನ್ನೂ ಅಂಟಿಕೊಂಡಿತ್ತು. ಇದನ್ನೇ ಸುತ್ತಿಗೆಯಿಂದ ಕೆತ್ತಿ, ಕೈಯಿಂದ ಆರಿಸಿ ಬೇರೆ ಮಾಡುತ್ತಿದ್ದರು.

ಗೂಡಿನಲ್ಲಿ ಸುಟ್ಟಾಗ ಶುದ್ಧ ಮ್ಯಾಗ್ನೆಸೈಟಿನ 100 ಕಿಲೋದಲ್ಲಿ ಉಳಿಯುವುದು ಸುಮಾರು 48 ಕಿಲೋ ಮಾತ್ರ. ಮಿಕ್ಕಿದ್ದೆಲ್ಲ ಅನಿಲವಾಗಿ ಆಕಾಶಕ್ಕೆ! ಉಳಿದ ಮೆಗ್ನೀಷಿಯಾ ಕರಗಲು 2,800 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅದಕ್ಕೇ ಉಕ್ಕಿನ ಕುಲುಮೆಯ ಒಳಗೋಡೆಗೆ ಇದರ ಇಟ್ಟಿಗೆ. ನಮ್ಮ ಮನೆಯ ಕಬ್ಬಿಣದ ಸರಳಿನ ಹಿಂದೆ ಇಂಥದೊಂದು ಗುಡ್ಡದ ತಾಳ್ಮೆಯಿದೆ.

ಐಸ್‌ಲ್ಯಾಂಡಿನ ವಿಜ್ಞಾನಿಗಳು ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಬಂಡೆಯೊಳಗೆ ಇಳಿಸಿ, ಎರಡೇ ವರ್ಷದೊಳಗೆ ಅದರ ಬಹುಪಾಲು ಕಲ್ಲಾದದ್ದನ್ನು 2016ರಲ್ಲಿ ಜಗತ್ತಿಗೆ ತಿಳಿಸಿದರು. ಅದೇ ಬಗೆಯ ವಿದ್ಯೆಯನ್ನು ಸೇಲಂನ ನೆಲ ಎಂದೋ ಕಲಿತು ಮುಗಿಸಿದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಯೇರ್ಕಾಡಿನ ತಂಪಿಗೆ ಕರೆದೊಯ್ಯುವವರು ಘಾಟಿ ಹತ್ತುವ ಮೊದಲು ಗಾಡಿ ನಿಲ್ಲಿಸಿ, ದೂರದಿಂದಲಾದರೂ ಈ ಬಿಳಿ ಗೆರೆಗಳನ್ನು ತೋರಿಸಲಿ. ಹೊಗೆಯನ್ನು ಮತ್ತೆ ಕಲ್ಲಾಗಿಸಬೇಕಾದ ಕಾಲ ಆ ಮಕ್ಕಳದ್ದು.